ಪಕ್ಕದ ಮನೆ ಹಂಡೆ ಒಲೆ ಹೊಗೆ, ಜಗಳ ಆಡದೆ ಏನು ಮಾಡಬಹುದು? (ತುಮಕೂರು)

ಬಾಡಿಗೆಮನೆ_ಕ್ಯಾತ್ಸಂದ್ರ

ಎಲ್ಲರಿಗೂ ನಮಸ್ಕಾರ. ನಾವು ಕ್ಯಾತ್ಸಂದ್ರದ ಕಡೆ ಬಾಡಿಗೆ ಮನೆಯಲ್ಲಿದ್ದೇವೆ. ಬಡಾವಣೆ ಹೊಸದು, ಅದಕ್ಕೆ ಅಂಟಿಕೊಂಡೇ ಹಳೇ ಊರು. ನಮ್ಮ ಮಲಗುವ ಕೋಣೆಯ ಕಿಟಕಿಗೂ ಪಕ್ಕದ ಮನೆಯ ಬಚ್ಚಲಿಗೂ ನಡುವೆ ಒಂದು ಸಣ್ಣ ಸಂದಿ ಅಷ್ಟೇ. ಆ ಮನೆಯ ಅಜ್ಜಿ ನಸುಕಿನಲ್ಲೇ ಎದ್ದು ಹಂಡೆ ಒಲೆಗೆ ಉರಿ ಹಾಕುತ್ತಾರೆ. ಬಚ್ಚಲಿಗೆ ಹೊಗೆಗೂಡು ಇಲ್ಲ. ಗೋಡೆಯ ಮೇಲ್ಗಡೆ ಒಂದು ಜಾಲರಿ ಇಟ್ಟಿದ್ದಾರೆ, ಅದು ನೇರ ನಮ್ಮ ಕಿಟಕಿಗೆ ಎದುರು. ಕಿಟಕಿ ಮುಚ್ಚಿದರೂ ವಾಸನೆ ಒಳಗೆ ಬರುತ್ತದೆ.

ಮಗನಿಗೆ ನಾಲ್ಕು ವರ್ಷ. ಚಳಿ ಶುರುವಾದಾಗಿನಿಂದ ಕೆಮ್ಮು. ಡಾಕ್ಟರು ಮನೆಯಲ್ಲಿ ಹೊಗೆ ಇದೆಯಾ ಅಂತ ಕೇಳಿದರು. ನಮ್ಮ ಮನೆಯಲ್ಲಿಲ್ಲ ಅಂದೆ. ಪಕ್ಕದ ಮನೆಯದ್ದು ಲೆಕ್ಕಕ್ಕೆ ಬರುತ್ತಾ?

ಅಜ್ಜಿ ತುಂಬಾ ಒಳ್ಳೆಯವರು. ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಾರೆ, ನಾನು ಆಫೀಸಿಂದ ಬರೋದು ತಡವಾದರೆ ಮಗನನ್ನು ಕೂರಿಸಿಕೊಳ್ಳುತ್ತಾರೆ. ಅವರ ಮನೆಯಲ್ಲೂ ಅಡುಗೆ ಗ್ಯಾಸ್‌ನಲ್ಲೇ. ಸ್ನಾನದ ನೀರಿಗೆ ಮಾತ್ರ ಸೌದೆ. ದೂರು ಕೊಡು ಅಂತ ಹೇಳಬೇಡಿ, ಅದು ನನ್ನಿಂದ ಆಗಲ್ಲ. ಬೇರೆ ಏನಾದರೂ ದಾರಿ ಇದ್ದರೆ ತಿಳಿಸಿ.

ಮಟ್ಟೆರಾಜ

ಹಂಡೆ ನೀರಿನ ಸ್ನಾನದ ಮುಂದೆ ಗೀಸರ್ ಯಾವ ಲೆಕ್ಕ? ಮೇಡಂ, ನಮ್ಮ ತಾತ ತೊಂಬತ್ತು ದಾಟಿ ಬದುಕಿದ್ದರು. ಜೀವನಪೂರ್ತಿ ಇದೇ ಹೊಗೆ. ಈಗಿನವರಿಗೆ ಏನಾದರೂ ಒಂದು ಅಲರ್ಜಿ.

ನರ್ಸಕ್ಕ

ಮಟ್ಟೆರಾಜ ಅವರೇ, ನಿಮ್ಮ ತಾತ ಒಲೆ ಹಚ್ಚುತ್ತಿದ್ದರಾ ಅಥವಾ ಅಜ್ಜಿ ಹಚ್ಚುತ್ತಿದ್ದರಾ? ಅಜ್ಜಿಗೆ ದಮ್ಮು ಇತ್ತಾ, ಅದನ್ನು ಹೇಳಿ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ, ಯಾವುದು ಅಂತ ಬೇಡ. ಡಿಸೆಂಬರ್, ಜನವರಿಯಲ್ಲಿ ನೆಬ್ಯುಲೈಸರ್‌ಗೆ ಸಾಲು ನಿಲ್ಲುತ್ತದೆ. ಗಂಡಸರು ಬಂದರೆ ಬೀಡಿ ಸೇದುತ್ತೀರಾ ಅಂತ ಕೇಳುತ್ತೇವೆ, ಹೂಂ ಅನ್ನುತ್ತಾರೆ. ಹೆಂಗಸರು ಬೀಡಿ ಮುಟ್ಟಿದವರಲ್ಲ. ಆದರೂ ಊದುವ ಪರೀಕ್ಷೆ ಮಾಡಿಸಿದರೆ ಶ್ವಾಸಕೋಶ ಅದೇ ಬೀಡಿ ಸೇದಿದವರ ಹಾಗೆ. ಇದು ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗುತ್ತಾ ಹೋಗುವ ಶ್ವಾಸಕೋಶದ ಕಾಯಿಲೆ. ಉಬ್ಬಸದ ಹಾಗೆ ಬಂದು ಹೋಗೋದಲ್ಲ, ಒಮ್ಮೆ ಹಾಳಾದ ಭಾಗ ಸರಿಹೋಗಲ್ಲ. ಮೂವತ್ತು ನಲವತ್ತು ವರ್ಷ ಊದುಗೊಳವೆ ಹಿಡಿದವರು ಅವರು.

ಮೇಡಂ, ಪಕ್ಕದ ಮನೆಯದ್ದು ಖಂಡಿತ ಲೆಕ್ಕಕ್ಕೆ ಬರುತ್ತದೆ. ಚಿಕ್ಕ ಮಕ್ಕಳು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತಾರೆ, ತೂಕಕ್ಕೆ ಹೋಲಿಸಿದರೆ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಹಾಗಂತ ಎಲ್ಲ ಕೆಮ್ಮಿಗೂ ಹೊಗೆಯೇ ಕಾರಣ ಅಂತಲೂ ಅಲ್ಲ. ರಾತ್ರಿ ಸುಂಯ್ ಅಂತ ಶಬ್ದ ಬರುತ್ತಿದ್ದರೆ ಇನ್ನೊಮ್ಮೆ ತೋರಿಸಿ. ಸದ್ಯಕ್ಕೆ ಮಗನನ್ನು ಆ ಕೋಣೆಯಲ್ಲಿ ಮಲಗಿಸಬೇಡಿ. ಇದು ಇವತ್ತೇ ಮಾಡಬಹುದಾದ ಕೆಲಸ.

ಲೆಕ್ಕದಮೇಷ್ಟ್ರು_ಕೋಲಾರ

ಹೊಗೆಯಲ್ಲಿ ಕಣ್ಣಿಗೆ ಕಾಣೋದು ಒಂದು, ಒಳಗೆ ಹೋಗೋದು ಇನ್ನೊಂದು. ಪಿಎಂ 2.5 ಅಂದರೆ 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣ. ತಲೆಕೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೋಮೀಟರ್. ಅಂದರೆ ಕೂದಲಿನ ಅಡ್ಡಕ್ಕೆ ಇಂಥ ಇಪ್ಪತ್ತು ಮೂವತ್ತು ಕಣ ಸಾಲಾಗಿ ಕೂರುತ್ತವೆ. ಸೌದೆ ಹೊಗೆಯ ಕಣಗಳಲ್ಲಿ ಬಹುಪಾಲು ಇದಕ್ಕಿಂತಲೂ ಸಣ್ಣವು. ಮೂಗಿನ ಕೂದಲು, ಗಂಟಲಿನ ಲೋಳೆ ಇವನ್ನು ಹಿಡಿಯಲ್ಲ. ಶ್ವಾಸಕೋಶದ ತುದಿಯ ಗಾಳಿಗುಳ್ಳೆಗಳವರೆಗೂ ಹೋಗುತ್ತವೆ. ಅಲ್ಲಿಂದ ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಆದ್ದರಿಂದಲೇ ಹೃದಯಾಘಾತಕ್ಕೂ ಹೊಗೆಗೂ ಸಂಬಂಧ ಇರೋದು.

ನಮ್ಮ ದೇಶದಲ್ಲಿ 2009ರಲ್ಲಿ ಮಾಡಿದ ಮಿತಿ ಇದೆ. 24 ಗಂಟೆಯ ಸರಾಸರಿ ಒಂದು ಘನಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ವರ್ಷದ ಸರಾಸರಿ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ದಿನಕ್ಕೆ 15, ವರ್ಷಕ್ಕೆ 5.

ಈಗ ಹಂಡೆಗೆ ಬರೋಣ. ಒಂದು ಗ್ರಾಂ ಕಣ ಅಂದರೆ ಹತ್ತು ಲಕ್ಷ ಮೈಕ್ರೋಗ್ರಾಂ. ಅದನ್ನು 60ರಿಂದ ಭಾಗಿಸಿ. 16,600 ಘನಮೀಟರ್ ಬರುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿರೋದು 28 ಘನಮೀಟರ್ ಗಾಳಿ. ಅಂದರೆ ಒಂದೇ ಒಂದು ಗ್ರಾಂ ಹೊಗೆಕಣ ಸುಮಾರು 590 ಕೋಣೆಗಳ ಗಾಳಿಯನ್ನು ಮಿತಿಗೆ ಮುಟ್ಟಿಸಲು ಸಾಕು. ಸಾದಾ ಒಲೆಯಲ್ಲಿ ಒಂದು ಕೆಜಿ ಸೌದೆ ಉರಿದರೆ ಇಂಥ ಕಣ ಕೆಲವು ಗ್ರಾಂ ಹೊರಗೆ ಬರುತ್ತದೆ. ಹಂಡೆಗೆ ದಿನಾ ಎಷ್ಟು ಕೆಜಿ ಹಾಕುತ್ತೀರಿ, ನೀವೇ ನೋಡಿಕೊಳ್ಳಿ.

ಗಿರಿಧಾಮ_ಚಿಕ್ಕಬಳ್ಳಾಪುರ

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ. ಆದರೆ ಬಡಪಾಯಿ ಅಜ್ಜಿ ಮೇಲೆ ಯಾಕೆ? ನಮ್ಮ ಕಡೆ ಬನ್ನಿ. ಕ್ರಷರ್ ದೂಳು, ಟಿಪ್ಪರ್ ಲಾರಿ, ರಸ್ತೆ ಬದಿ ಕಸಕ್ಕೆ ಬೆಂಕಿ. ಗಿಡದ ಎಲೆ ಎಲ್ಲ ಬಿಳಿ. ಅದನ್ನು ಕೇಳೋರಿಲ್ಲ. ಕೇಂದ್ರದವರ ಶುದ್ಧ ಗಾಳಿ ಯೋಜನೆಯಲ್ಲಿ ಕರ್ನಾಟಕದಿಂದ ಇರೋದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಅಷ್ಟೇ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆ ಯಾರಿಗೂ ಕಾಣಲ್ಲ.

ಲೆಕ್ಕದಮೇಷ್ಟ್ರು_ಕೋಲಾರ

ಸಾರ್, ಕ್ರಷರ್ ಬಗ್ಗೆ ನಿಮ್ಮ ಸಿಟ್ಟು ನ್ಯಾಯವೇ. ಅದು ಬೇರೆ ಥರದ ಕಣ. ಕಲ್ಲು ಒಡೆದಾಗ ಬರೋದು ಬಹುಪಾಲು ದಪ್ಪ ದೂಳು, ಎಲೆ ಮೇಲೆ ಕೂರುತ್ತದೆ, ಹತ್ತಿರದಲ್ಲೇ ಬೀಳುತ್ತದೆ. ಅದರಲ್ಲೂ ಕಲ್ಲಿನ ಸಿಲಿಕಾ ಇದೆ, ಕೆಲಸಗಾರರಿಗೆ ಅದು ಬಹಳ ಕೆಟ್ಟದ್ದು. ಉರಿಯಿಂದ ಬರೋ ಕಣ ಸಣ್ಣದು, ಗಂಟೆಗಟ್ಟಲೆ ತೇಲುತ್ತಲೇ ಇರುತ್ತದೆ. ನಿಮ್ಮ ಊರಲ್ಲೂ, ನಮ್ಮ ಕೋಲಾರದ ಟಮಕದಲ್ಲೂ ಮಾಲಿನ್ಯ ಮಂಡಳಿಯ ಅಳತೆ ಯಂತ್ರ ಇದೆ, ಅಂಕಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೆ ಆ ಯಂತ್ರಕ್ಕೆ ಮೇಡಂ ಅವರ ಮನೆ ಸಂದಿ ಕಾಣಲ್ಲ. ಊರಿನ ಸರಾಸರಿ ಚೆನ್ನಾಗಿದ್ದು, ಒಂದು ಕಿಟಕಿಯಲ್ಲಿ ಮಾತ್ರ ಉಸಿರು ಕಟ್ಟಬಹುದು.

ಇನ್ನೊಂದು ವಿಷಯ ಹೊತ್ತಿನದು. ಚಳಿಗಾಲದ ನಸುಕಿನಲ್ಲಿ ನೆಲ ತಣ್ಣಗಾಗಿ ಅದಕ್ಕೆ ತಾಗಿದ ಗಾಳಿ ತಣ್ಣಗಿರುತ್ತದೆ, ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗಿರುತ್ತದೆ. ತಣ್ಣನೆ ಗಾಳಿ ಭಾರ, ಮೇಲೇಳಲ್ಲ. ಆಗ ಬಿಟ್ಟ ಹೊಗೆ ಮನೆ ಮಾಡಿನ ಎತ್ತರದಲ್ಲೇ ಹಾಸಿಕೊಂಡು ನಿಲ್ಲುತ್ತದೆ. ಕೆರೆ ಏರಿ ಮೇಲೆ ವಾಕಿಂಗ್ ಹೋಗುವವರು ಮಂಜು ಅಂದುಕೊಳ್ಳೋದರಲ್ಲಿ ಒಂದಷ್ಟು ಇದೇ. ಬಿಸಿಲು ಏರಿ ನೆಲ ಕಾದ ಮೇಲೆ ಹೊಗೆ ಎತ್ತಿಕೊಂಡು ಹೋಗುತ್ತದೆ. ನಾವು ಹಂಡೆಗೆ ಉರಿ ಹಾಕೋದು ಸರಿಯಾಗಿ ಆ ಕೆಟ್ಟ ಹೊತ್ತಿನಲ್ಲೇ.

ತೋಟದಮನೆ_ತಿಪಟೂರು

ನಾನು ಅಜ್ಜಿ ಪಕ್ಷ. ಬೈಯಬೇಡಿ, ಪೂರ್ತಿ ಓದಿ.

ತೆಂಗಿನ ತೋಟ ಇರುವ ಮನೆಯಲ್ಲಿ ಸೌದೆಗೆ ದುಡ್ಡಿಲ್ಲ. ಎಡೆಮಟ್ಟೆ, ಅಂದರೆ ತೆಂಗಿನ ಗರಿಯ ದಪ್ಪ ದಂಟು, ಬೀಳುತ್ತಲೇ ಇರುತ್ತದೆ. ಸೋಗೆ, ಹೊಂಬಾಳೆ, ಕಾಯಿ ಸುಲಿದ ಸಿಪ್ಪೆ, ಚಿಪ್ಪು. ಚಿಪ್ಪಿಗೆ ಈಗ ಬೆಲೆ ಇದೆ, ಇದ್ದಿಲಿನವರು ಬಂದು ತೂಕ ಹಾಕಿ ಒಯ್ಯುತ್ತಾರೆ. ಸಿಪ್ಪೆಯನ್ನು ನಾರಿನ ಫ್ಯಾಕ್ಟರಿಯವರು ಒಯ್ಯುತ್ತಾರೆ, ಲೋಡು ಆಗುವಷ್ಟು ಇದ್ದರೆ ಮಾತ್ರ. ಎಡೆಮಟ್ಟೆ ಯಾರೂ ಕೇಳಲ್ಲ. ಅದು ಬಚ್ಚಲಿಗೇ ಹೋಗಬೇಕು.

ಗ್ಯಾಸ್‌ನಲ್ಲಿ ನೀರು ಕಾಯಿಸಿ ಅಂತಾರೆ. ನೂರು ಲೀಟರ್ ಕಾಯಿಸಿದರೆ ದಿನಕ್ಕೆ ಅರ್ಧ ಕೆಜಿ ಗ್ಯಾಸ್ ಬೇಕು. 14.2 ಕೆಜಿ ಸಿಲಿಂಡರ್ ಸ್ನಾನಕ್ಕೇ ತಿಂಗಳಿಗೆ ಒಂದು. ಅಡುಗೆಗೆ ಇನ್ನೊಂದು. ಯಾರಿಗೆ ಆಗುತ್ತದೆ? 2016ರಲ್ಲಿ ಉಜ್ವಲ ಬಂದ ಮೇಲೆ ನಮ್ಮ ಊರಲ್ಲಿ ಸ್ಟವ್ ಇಲ್ಲದ ಮನೆ ಇಲ್ಲ. ಅಡುಗೆಮನೆಯಲ್ಲಿ ಇಲ್ಲಣ ಹೋಯಿತು, ಗೋಡೆಗೆ ಬಣ್ಣ ಬಂತು. ಬಚ್ಚಲಲ್ಲಿ ಮಸಿ ಹಾಗೇ ಇದೆ. ಹೆಂಗಸರ ಕಣ್ಣುರಿ ಕಡಿಮೆ ಆಗಿದ್ದು ನಿಜ. ನೀರೊಲೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಕರೆಂಟು ಅಂದರೆ ಗೃಹಜ್ಯೋತಿ. ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಹೊರಗಿನವರು ತಿಳಿದುಕೊಂಡಿದ್ದಾರೆ. ಫ್ರೀ ಇರೋದು ನಿಮ್ಮ ಹಿಂದಿನ ಸರಾಸರಿ, ಅದರ ಮೇಲೆ ಚೂರು. ಹಳ್ಳಿ ಮನೆಯ ಸರಾಸರಿ ಎಷ್ಟಿರುತ್ತೆ ಹೇಳಿ. ಗೀಸರ್ ಹಾಕಿದ ತಿಂಗಳೇ ಮಿತಿ ದಾಟಿ ಬಿಲ್ಲು ಬರುತ್ತದೆ. 200 ದಾಟಿದರೆ ಪೂರ್ತಿ ಕಟ್ಟಬೇಕು.

ಲೆಕ್ಕದಮೇಷ್ಟ್ರು_ಕೋಲಾರ

ಇವರು ಹೇಳಿದ್ದು ಲೆಕ್ಕಕ್ಕೂ ಸರಿ ಬರುತ್ತದೆ. ನೂರು ಲೀಟರ್ ನೀರನ್ನು 30 ಡಿಗ್ರಿ ಏರಿಸಲು 3.5 ಯೂನಿಟ್. ನಷ್ಟ ಸೇರಿ 4 ಅನ್ನಿ. ತಿಂಗಳಿಗೆ 120. ಅಷ್ಟೇ ನೀರಿಗೆ ಸಾದಾ ಒಲೆಯಲ್ಲಿ ಒಣ ಸೌದೆ ಐದಾರು ಕೆಜಿ, ಏಕೆಂದರೆ ಶಾಖದಲ್ಲಿ ಹೆಚ್ಚೆಂದರೆ ಏಳರಲ್ಲೊಂದು ಪಾಲು ಹಂಡೆಗೆ ಸೇರುತ್ತದೆ. ಉಳಿದಿದ್ದು ಬಚ್ಚಲ ಗೋಡೆಗೆ, ಆಕಾಶಕ್ಕೆ.

ಶಿಡ್ಲಘಟ್ಟ_ಗೂಡು

ನಮ್ಮಲ್ಲಿ ಎಡೆಮಟ್ಟೆ ಜಾಗಕ್ಕೆ ಹಿಪ್ಪುನೇರಳೆ ಕಡ್ಡಿ. ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿಯನ್ನು ಒಣಗಿಸಿದರೆ ಒಳ್ಳೇ ಉರಿ, ಹೊಗೆ ಕಡಿಮೆ. ಹಸಿ ನೀಲಗಿರಿ ಹಾಕುವವರೂ ಇದ್ದಾರೆ. ಅವರ ಮನೆ ಎಲ್ಲಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ನಾನು ಹೇಳಬೇಕು ಅಂತ ಬಂದದ್ದು ಬೇರೆ. ನಮ್ಮ ಕಡೆ ನೀರಿಗೆ ಮಾತ್ರ ಅಲ್ಲ, ಹುಳು ಮನೆಗೂ ಬೆಂಕಿ ಇಡುತ್ತಾರೆ. ಚಾಕಿ ಹುಳುವಿಗೆ, ಅಂದರೆ ಮರಿ ಹುಳುವಿಗೆ, 27-28 ಡಿಗ್ರಿ ಬೇಕು. ದೊಡ್ಡ ಹುಳುವಿಗೂ 24-25. ಜನವರಿ ರಾತ್ರಿಯಲ್ಲಿ ಅದು ಎಲ್ಲಿಂದ ಬರಬೇಕು? ಬಾಂಡ್ಲಿಯಲ್ಲಿ ಇದ್ದಿಲು ಕೆಂಡ ಹಾಕಿ ಒಳಗಿಟ್ಟು, ಶಾಖ ಹೋಗದಿರಲಿ ಅಂತ ಕಿಟಕಿಗೆ ಗೋಣಿ ಕಟ್ಟಿ, ಅಲ್ಲೇ ಮೂಲೆಯಲ್ಲಿ ಮಲಗುತ್ತಾರೆ. ಹೊಗೆ ಇಲ್ಲ, ಕೆಂಡ ತಾನೇ ಅನ್ನುತ್ತಾರೆ. ಇದನ್ನು ದಯವಿಟ್ಟು ಮಾಡಬೇಡಿ.

ನರ್ಸಕ್ಕ

ಇದನ್ನು ನಾನೇ ಬರೆಯಬೇಕು ಅಂತಿದ್ದೆ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಂಪರು. ಮಲಗಿದವರಿಗೆ ಇದು ಯಾವುದೂ ತಿಳಿಯಲ್ಲ, ನಿದ್ದೆಯಲ್ಲೇ ಹೋಗುತ್ತಾರೆ. ಹೊಗೆ ಇದ್ದರೆ ಎದ್ದಾದರೂ ಓಡುತ್ತೇವೆ. ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡೋದಕ್ಕೂ ಇದೇ ಮಾತು. ಕೂಸಿಗೆ ಸಾಂಬ್ರಾಣಿ ಹೊಗೆ ಹಾಕೋದೂ ಬೇಡ, ಎಷ್ಟು ಹೇಳಿದರೂ ಕೇಳಲ್ಲ.

ಶಿಡ್ಲಘಟ್ಟ_ಗೂಡು

ಕರೆಂಟು ಹೀಟರ್ ಇಟ್ಟುಕೊಳ್ಳಿ ಅಂತ ಹೇಳಿದರೆ ಕರೆಂಟು ಹೋದಾಗ ಏನು ಮಾಡೋಣ ಅಂತಾರೆ. ನಾನು ಕೆಂಡವನ್ನು ಹೊರಗಿನ ಒಲೆಯಲ್ಲಿಟ್ಟು, ಕಬ್ಬಿಣದ ಪೈಪನ್ನು ಹುಳು ಮನೆಯೊಳಗೆ ಹಾಯಿಸಿ ಇನ್ನೊಂದು ಗೋಡೆಯಿಂದ ಹೊರಗೆ ತೆಗೆದಿದ್ದೇನೆ. ಶಾಖ ಪೈಪಿನಿಂದ ಬರುತ್ತದೆ, ಹೊಗೆ ಹೊರಗೇ ಹೋಗುತ್ತದೆ. ಸಂದುಗಳಿಗೆ ಮಣ್ಣು ಮೆತ್ತಬೇಕು, ಬಿರುಕು ಬಿಟ್ಟರೆ ಮತ್ತೆ ಮೆತ್ತಬೇಕು. ಹುಳುಗಳಿಗೂ ಒಳ್ಳೇ ಗಾಳಿ ಬೇಕು, ನಮ್ಮ ಜನ ತಮಗಾಗಿ ಅಲ್ಲದಿದ್ದರೂ ಹುಳುವಿಗಾಗಿ ಕೇಳುತ್ತಾರೆ.

ಗಾರೆಕೆಲ್ಸ_ಕುಣಿಗಲ್

ತಡವಾಗಿ ನೋಡಿದೆ. ಒಲೆ ಕಟ್ಟೋದು ನನ್ನ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ತಾಲ್ಲೂಕಿನ ಉಂಗ್ರ ಅನ್ನೋ ಹಳ್ಳಿ ಹೆಸರು ಕೇಳಿದ್ದೀರಾ? ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ವಿಜ್ಞಾನ ಸಂಸ್ಥೆಯಲ್ಲಿ, ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಅಸ್ತ್ರ ಅಂತ ಒಂದು ಕೇಂದ್ರ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋದು ಅದರ ಕೆಲಸ. ಉಂಗ್ರದಲ್ಲಿ ಅವರ ವಿಸ್ತರಣಾ ಕೇಂದ್ರ ಇತ್ತು. ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಯಾರು ತರುತ್ತಾರೆ ಅಂತ ಹಳ್ಳಿಗಳಲ್ಲಿ ಕೂತು ಲೆಕ್ಕ ಬರೆದರು. ಅದರಿಂದ ಹುಟ್ಟಿದ್ದು ಅಸ್ತ್ರ ಒಲೆ. ಪಕ್ಕದ ಪುರ ಅನ್ನೋ ಊರಲ್ಲಿ ಸಗಣಿ ಗ್ಯಾಸ್‌ನಿಂದ ಊರಿಗೇ ದೀಪ, ನಲ್ಲಿ ನೀರು ಕೊಟ್ಟಿದ್ದರು. ಹೊಸಬರಿಗೆ ಇದು ಗೊತ್ತೇ ಇಲ್ಲ.

ಅಸ್ತ್ರ ಒಲೆಯಲ್ಲಿ ವಿಶೇಷ ಏನು ಅಂದರೆ ಮೂರು. ಬೆಂಕಿ ಗೂಡು ಮುಚ್ಚಿದ್ದು. ಸೌದೆ ಕೆಳಗೆ ಸರಳಿನ ಜಾಲರಿ, ಅದರ ಅಡಿಯಿಂದ ಗಾಳಿ. ಕೊನೆಗೆ ಹೊಗೆಗೂಡು. ಹೊಗೆಗೂಡು ಹೊಗೆ ಹೊರಗೆ ಹಾಕೋದು ಮಾತ್ರ ಅಲ್ಲ, ಅದು ಎಳೆಯುವುದರಿಂದಲೇ ಕೆಳಗೆ ಗಾಳಿ ನುಗ್ಗುತ್ತದೆ, ಉರಿ ಕೆಂಪು ಬಿಟ್ಟು ಹಳದಿಗೆ ಬರುತ್ತದೆ. ಹೊಗೆ ಅಂದರೆ ಉರಿಯದೆ ಉಳಿದ ಸೌದೆ. ಒಳಗೇ ಉರಿದುಹೋದರೆ ಹೊರಗೆ ಬರೋದು ಕಡಿಮೆ.

ಅಂಥ ಒಲೆ ಯಾಕೆ ಉಳಿಯಲಿಲ್ಲ ಅಂತ ಕೇಳುತ್ತೀರಿ. ಅಳತೆ. ಪಾತ್ರೆಗೂ ಗೂಡಿಗೂ ನಡುವೆ ಇಷ್ಟೇ ಸಂದು ಅಂತ ಇರುತ್ತದೆ. ಟ್ರೈನಿಂಗ್ ಆದ ಗಾರೆಯವನು ಕಟ್ಟಿದ್ದು ಸರಿ ಇರುತ್ತದೆ. ಅದನ್ನು ನೋಡಿ ಇನ್ನೊಬ್ಬ ಅಂದಾಜಿನಲ್ಲಿ ಕಟ್ಟುತ್ತಾನೆ. ದಪ್ಪ ಕೊರಡು ಹಿಡಿಸಲ್ಲ ಅಂತ ಮನೆಯವರು ಬಾಯಿ ಒಡೆದು ದೊಡ್ಡದು ಮಾಡುತ್ತಾರೆ. ಪೈಪಿನಲ್ಲಿ ಮಸಿ ಕಟ್ಟುತ್ತದೆ, ತೆಗೆಯೋರಿಲ್ಲ. ಆಮೇಲೆ ಹೊಗೆ ವಾಪಸ್ ಬಂತು ಅಂತ ಒಲೆಯನ್ನೇ ಕಿತ್ತು ಹಾಕುತ್ತಾರೆ. ಸರ್ಕಾರದ ಸಬ್ಸಿಡಿ ಒಲೆಗಳ ಕಥೆಯೂ ಇದೇ. ಕಟ್ಟಿ ಫೋಟೋ ತೆಗೆದುಕೊಂಡು ಹೋದರು, ರಿಪೇರಿಗೆ ಯಾರೂ ಬರಲಿಲ್ಲ.

ಈಗ ಅಜ್ಜಿ ಹಂಡೆಗೆ. ಹಂಡೆ ಹೂತಿರುವ ಒಲೆಗೆ ಹಿಂದಿನಿಂದ ತೂತು ಕೊರೆದು ನಾಲ್ಕಿಂಚು ಪೈಪು ಕೊಡಬಹುದು. ಪೈಪು ಮಾಡಿಗಿಂತ ಮೂರಡಿ ಮೇಲೆ ಹೋಗಬೇಕು. ಮೇಡಂ, ನಿಮ್ಮದು ಮಹಡಿ ಮನೆನಾ? ಹಾಗಿದ್ದರೆ ನಿಮ್ಮ ಮೇಲಿನ ಕಿಟಕಿಗಿಂತಲೂ ಮೇಲೆ ಹೋಗಬೇಕು. ಇಲ್ಲದಿದ್ದರೆ ಕೆಳಗಿನ ಹೊಗೆ ಮೇಲಿನವರಿಗೆ ಕೊಟ್ಟ ಹಾಗಾಗುತ್ತದೆ. ಅಡ್ಡಡ್ಡ ಬಾಗಿಸಬೇಡಿ, ನೇರ ಹೋದಷ್ಟೂ ಎಳೆತ ಜಾಸ್ತಿ. ಮೇಲೆ ಟೋಪಿ ಹಾಕಿ, ಮಳೆ ನೀರು ಇಳಿಯಬಾರದು. ಕೆಳಗೆ ಮಸಿ ತೆಗೆಯೋಕೆ ಒಂದು ಮುಚ್ಚಳ ಬಿಡಿ. ಒಲೆ ಬಾಯಿ ಕಿರಿದು ಮಾಡಿ ಜಾಲರಿ ಕೂರಿಸಿ. ಸಿಮೆಂಟ್ ಶೀಟಿನ ಹಳೇ ಪೈಪು ಸಿಕ್ಕರೆ ಅದನ್ನು ಗರಗಸದಲ್ಲಿ ಕೊಯ್ಯಬೇಡಿ, ಅದರ ದೂಳು ಕೆಟ್ಟದ್ದು. ತಗಡಿನ ಪೈಪು ಬೆಲೆ ಜಾಸ್ತಿ, ಆದರೂ ಅದೇ ತಗೊಳ್ಳಿ.

ಮಟ್ಟೆರಾಜ

ಸರಿ ಒಪ್ಪಿದೆ. ಅಜ್ಜಿಗೆ ಕೊನೆಗಾಲದಲ್ಲಿ ದಮ್ಮು ಇತ್ತು. ಅದು ವಯಸ್ಸಿಗೆ ಅಂತ ಎಲ್ಲರೂ ಅಂದುಕೊಂಡಿದ್ದೆವು.

ಗಾರೆ ಅಣ್ಣ, ತಾಮ್ರದ ಬಾಯ್ಲರ್ ಹೇಗೆ? ನಡುವೆ ಕೊಳವೆ ಇರುತ್ತಲ್ಲ, ಅದು.

ಗಾರೆಕೆಲ್ಸ_ಕುಣಿಗಲ್

ಬಾಯ್ಲರ್‌ಗೆ ಸೌದೆ ಕಡಿಮೆ ಸಾಕು, ಉರಿ ನಡುವೆಯೇ ಇರೋದರಿಂದ ಬೇಗ ಕಾಯುತ್ತದೆ. ಆದರೆ ಅದರ ಕೊಳವೆಯ ಬಾಯಿ ಬಚ್ಚಲಲ್ಲೇ ಇರುತ್ತೆ. ಅದನ್ನು ಬಾಗಿಲು ಹಾಕಿದ ಬಚ್ಚಲಲ್ಲಿಟ್ಟು ಸ್ನಾನಕ್ಕೆ ಇಳಿಯಬೇಡಿ. ಹೊರಗಿಟ್ಟು ನೀರು ಒಳಗೆ ತನ್ನಿ.

ತೋಟದಮನೆ_ತಿಪಟೂರು

ಹಚ್ಚೋದು ಹೇಗೆ ಅನ್ನೋದನ್ನು ಯಾರೂ ಹೇಳಲಿಲ್ಲ. ಸೀಮೆಎಣ್ಣೆ ಕಾರ್ಡಿಗೆ ಸಿಗೋದು ನಿಂತ ಮೇಲೆ ಒಲೆ ಹೊತ್ತಿಸೋಕೆ ಹಾಲಿನ ಕವರ್, ಹರಿದ ಚಪ್ಪಲಿ, ಸೈಕಲ್ ಟೈರ್ ತುಂಡು. ನಮ್ಮ ಊರಲ್ಲಿ ಟೈರ್ ಕತ್ತರಿಸಿ ತುಂಡು ಮಾಡಿ ಇಟ್ಟುಕೊಂಡಿರುತ್ತಾರೆ. ಒಂದು ತುಂಡು ಹಚ್ಚಿದರೆ ಎಂಥ ಹಸಿ ಮಟ್ಟೆಯೂ ಹೊತ್ತುತ್ತದೆ. ಆ ಕಪ್ಪು ಹೊಗೆ ನೋಡಿದರೆ ನನಗೂ ಸಿಟ್ಟು ಬರುತ್ತದೆ.

ನರ್ಸಕ್ಕ

ಇದು ಸೌದೆ ಹೊಗೆಗಿಂತ ಬೇರೆಯದೇ ವಿಷ. ಟೈರಿನಲ್ಲಿ ಗಂಧಕ ಇದೆ. ಪಿವಿಸಿ ಅಂದರೆ ಪೈಪು, ವೈರಿನ ಕವಚ, ಕೆಲವು ಚಪ್ಪಲಿ, ಇವು ಉರಿದರೆ ಡಯಾಕ್ಸಿನ್ ಬರುತ್ತದೆ, ಅದು ಬೂದಿಯಲ್ಲೂ ಇರುತ್ತದೆ. ಆ ಬೂದಿಯನ್ನೇ ಪಾತ್ರೆ ತಿಕ್ಕೋಕೆ, ತರಕಾರಿ ಪಾತಿಗೆ ಹಾಕೋರಿದ್ದಾರೆ. ಮೇಡಂ, ಅಜ್ಜಿಯ ಒಲೆ ಹಚ್ಚಿದ ಮೊದಲ ಹತ್ತು ನಿಮಿಷ ಪ್ಲಾಸ್ಟಿಕ್ ವಾಸನೆ ಬರುತ್ತಾ, ಗಮನಿಸಿ.

ಬಾಡಿಗೆಮನೆ_ಕ್ಯಾತ್ಸಂದ್ರ

ಬರುತ್ತದೆ ಅಕ್ಕ. ದಿನಾ ಬರುತ್ತದೆ. ಹಾಲಿನ ಕವರ್ ಇರಬೇಕು. ನಾನು ಕಸದ ಗಾಡಿಯವರು ಹಚ್ಚುತ್ತಾರೆ ಅಂದುಕೊಂಡು ಅವರನ್ನು ಬೈಯುತ್ತಿದ್ದೆ. ಗಾರೆ ಅಣ್ಣ, ನಮ್ಮದು ಕೆಳಮನೆ, ಮೇಲೆ ಮಹಡಿ ಇದೆ, ಅಲ್ಲಿ ಓನರ್ ಮನೆಯವರು.

ಮಧುಗಿರಿ_ಡಬ್ಲಿನ್

ನಮಸ್ಕಾರ, ಊರು ಮಧುಗಿರಿ, ಈಗ ಇರೋದು ಐರ್ಲೆಂಡ್‌ನಲ್ಲಿ. ಇಲ್ಲಿ ನೀರಿಗಲ್ಲ, ಮನೆ ಬೆಚ್ಚಗಿಡೋಕೆ ಸುಡುತ್ತಾರೆ. ಕಲ್ಲಿದ್ದಲು, ಸೌದೆ, ಮತ್ತೆ ಟರ್ಫ್ ಅಂತ ಒಂದು. ಜೌಗು ನೆಲವನ್ನು ಇಟ್ಟಿಗೆ ಥರ ಕತ್ತರಿಸಿ ಬಿಸಿಲಿಗೆ ಒಣಗಿಸುತ್ತಾರೆ, ಥೇಟ್ ನಮ್ಮ ಬೆರಣಿ ಒಟ್ಟಿದ ಹಾಗೆ ಕಾಣುತ್ತದೆ. ಇವತ್ತಿಗೂ ಈ ದೇಶದ ಪಿಎಂ 2.5ಗೆ ಮುಖ್ಯ ಕಾರಣ ಮನೆ ಬೆಂಕಿ, ವಾಹನ ಅಲ್ಲ. ಇಷ್ಟು ಹಸಿರು ದೇಶದಲ್ಲಿ ಚಳಿಗಾಲದ ಸಂಜೆ ಸಣ್ಣ ಊರುಗಳಲ್ಲಿ ಮೂಗು ಮುಚ್ಚಿಕೊಂಡು ನಡೆಯಬೇಕು.

ಡಬ್ಲಿನ್‌ನಲ್ಲಿ 1990ರ ಸೆಪ್ಟೆಂಬರ್ 1ರಿಂದ ಹೊಗೆ ಬರುವ ಕಲ್ಲಿದ್ದಲು ಮಾರೋದನ್ನು ನಿಲ್ಲಿಸಿದರು. ಕಪ್ಪು ಹೊಗೆ ಸುಮಾರು 70 ಶೇಕಡಾ ಇಳಿಯಿತು. 2002ರಲ್ಲಿ ಬಂದ ಅಧ್ಯಯನ ಉಸಿರಾಟದ ಮತ್ತು ಹೃದಯದ ಕಾಯಿಲೆಯ ಸಾವು ಎರಡೂ ಕಡಿಮೆಯಾಯಿತು ಅಂದಿತು. ಮುಂದೆ ಇನ್ನೂ ಬಿಗಿಯಾಗಿ ಲೆಕ್ಕ ಹಾಕಿದಾಗ ಉಸಿರಾಟದ್ದು ಉಳಿಯಿತು, ಹೃದಯದ್ದು ಗಟ್ಟಿಯಾಗಿ ನಿಲ್ಲಲಿಲ್ಲ. ಅದನ್ನೂ ಹೇಳಬೇಕಲ್ಲ.

ನನಗೆ ಮುಖ್ಯ ಅನ್ನಿಸಿದ್ದು ಕಾನೂನು ಹಿಡಿದದ್ದು ಯಾರನ್ನು ಅನ್ನೋದು. ಸುಡುವವರ ಮನೆಗೆ ಯಾರೂ ಹೋಗಲಿಲ್ಲ. ಮಾರುವವರನ್ನು ಹಿಡಿದರು. ಅಕ್ಕಪಕ್ಕದವರು ಒಬ್ಬರ ಮೇಲೊಬ್ಬರು ದೂರು ಕೊಡುವ ಪ್ರಮೇಯವೇ ಬರಲಿಲ್ಲ. 2022ರ ಅಕ್ಟೋಬರ್ 31ರಿಂದ ಇಡೀ ದೇಶಕ್ಕೆ ನಿಯಮ ಬಂದಿದೆ. ಅಂಗಡಿಯಲ್ಲಿ ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆಯಲ್ಲಿ ನೀರಿನ ಅಂಶ 25 ಶೇಕಡಾ ದಾಟಬಾರದು ಅಂತ ಆಗ ಹೇಳಿದ್ದರು.

ತೋಟದಮನೆ_ತಿಪಟೂರು

ನಮ್ಮ ಎಡೆಮಟ್ಟೆ ಯಾರೂ ಮಾರಲ್ಲವಲ್ಲ. ಮರದಿಂದ ಬಿತ್ತು, ಒಲೆಗೆ ಹೋಯಿತು. ಯಾರನ್ನು ಹಿಡಿಯುತ್ತಾರೆ?

ಮಧುಗಿರಿ_ಡಬ್ಲಿನ್

ಅದೇ ಅಣ್ಣ. ಇಲ್ಲೂ ಅಲ್ಲೇ ಸಿಕ್ಕಿಕೊಂಡರು. ಟರ್ಫ್ ಕತ್ತರಿಸುವ ಹಕ್ಕು ತಲೆತಲಾಂತರದಿಂದ ಇರುವ ಮನೆಗಳಿವೆ. ತಮ್ಮದನ್ನು ತಾವು ಸುಡಬಹುದು, ನೆಂಟರಿಗೆ ಕೊಡಬಹುದು. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಮಾರೋ ಹಾಗಿಲ್ಲ ಅಂತ ಬಿಟ್ಟರು. ಹಳ್ಳಿ ಕಡೆಯ ಪುಢಾರಿಗಳು ಅಷ್ಟಕ್ಕೇ ದೊಡ್ಡ ಗಲಾಟೆ ಮಾಡಿದ್ದರು.

ಲೆಕ್ಕದಮೇಷ್ಟ್ರು_ಕೋಲಾರ

25 ಶೇಕಡಾ ಯಾಕೆ ಅಂದರೆ, ಆಗತಾನೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು. ಉರಿ ತಣ್ಣಗಾಗುತ್ತದೆ, ಸೌದೆ ಉರಿಯದೆ ಬೇಯುತ್ತದೆ, ಹೊಗೆ ಏಳುತ್ತದೆ. ಎಡೆಮಟ್ಟೆಯ ಬುಡ ನೋಡಿ, ಹೊರಗೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಸ್ಪಂಜು. ಸೀಳಿ ನೆರಳಲ್ಲಿ ಒಟ್ಟಿದರೆ ಒಂದು ಬೇಸಿಗೆಯಲ್ಲಿ ಒಣಗುತ್ತದೆ. ಮಳೆಗಾಲದಲ್ಲಿ ಬಯಲಲ್ಲಿ ಬಿಟ್ಟರೆ ಮತ್ತೆ ಹೀರಿಕೊಳ್ಳುತ್ತದೆ.

ಗಿರಿಧಾಮ_ಚಿಕ್ಕಬಳ್ಳಾಪುರ

ಒಲೆ ಬದಲಾಯಿಸಿದರೆ ಕಾಯಿಲೆ ಕಡಿಮೆ ಆಗೇ ಆಗುತ್ತದೆ ಅಂತ ಗ್ಯಾರಂಟಿ ಇದೆಯಾ? ಗ್ಯಾಸ್ ಕೊಟ್ಟು ಪರೀಕ್ಷೆ ಮಾಡಿದ್ದರು, ಏನೂ ವ್ಯತ್ಯಾಸ ಬರಲಿಲ್ಲ ಅಂತ ಓದಿದ ನೆನಪು.

ನರ್ಸಕ್ಕ

ನೀವು ಹೇಳುತ್ತಿರೋದು ಹಾಪಿನ್ ಪರೀಕ್ಷೆ ಇರಬೇಕು. ಭಾರತದಲ್ಲಿ ತಮಿಳುನಾಡು, ಜೊತೆಗೆ ಗ್ವಾಟೆಮಾಲಾ, ಪೆರು, ರವಾಂಡ. ಗರ್ಭಿಣಿಯರಿಗೆ ಗ್ಯಾಸ್ ಒಲೆ, ಸಿಲಿಂಡರ್ ಉಚಿತವಾಗಿ ಕೊಟ್ಟರು. ಸೌದೆಯಲ್ಲೇ ಉಳಿದವರು ಉಸಿರಾಡಿದ ಪಿಎಂ 2.5 ಸುಮಾರು 70 ಇದ್ದರೆ, ಗ್ಯಾಸ್ ಸಿಕ್ಕವರದ್ದು ಸುಮಾರು 24. ಆದರೆ ಹುಟ್ಟಿದ ಕೂಸಿನ ತೂಕದಲ್ಲಿ ಗಮನಿಸುವಂಥ ವ್ಯತ್ಯಾಸ ಬರಲಿಲ್ಲ. 2022ರಲ್ಲಿ ಪ್ರಕಟವಾಯಿತು. ನಮಗೂ ಬೇಜಾರಾಯಿತು.

ಅದರಿಂದ ನಾನು ತಿಳಿದುಕೊಂಡದ್ದು ಇಷ್ಟು. ಕೆಲವು ತಿಂಗಳ ಬದಲಾವಣೆಗೆ ತೂಕ ಬದಲಾಗದೇ ಇರಬಹುದು. ನಲವತ್ತು ವರ್ಷ ಉಸಿರಾಡಿದವರ ಶ್ವಾಸಕೋಶದ ಕಥೆ ಅದು ಹೇಳಲ್ಲ. ಹಳ್ಳಿಯಲ್ಲಿ ಒಂದು ಮನೆ ಗ್ಯಾಸ್‌ಗೆ ಬಂದು ಸುತ್ತಲಿನವರು ಸೌದೆ ಸುಡುತ್ತಿದ್ದರೆ ಆ ಮನೆಗೂ ಪೂರ್ತಿ ಒಳ್ಳೆ ಗಾಳಿ ಬರಲ್ಲ. ಬಾಡಿಗೆಮನೆ ಮೇಡಂ ಕಷ್ಟವೂ ಅದೇ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಪ್ರಪಂಚದಲ್ಲಿ 32 ಲಕ್ಷ ಸಾವು ಅಂತ ಅಂದಾಜು ಮಾಡಿದೆ. ಅದು ಮುಖ್ಯವಾಗಿ ಅಡುಗೆ ಒಲೆಯ ಲೆಕ್ಕ.

ಶಿಡ್ಲಘಟ್ಟ_ಗೂಡು

ಸೋಲಾರ್ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಮೂರೂ ಜಿಲ್ಲೆಯಲ್ಲಿ ಬಿಸಿಲಿಗೇನು ಬರ. ಬೆಸ್ಕಾಂ ಬಿಲ್ಲಿನಲ್ಲಿ ಸೋಲಾರ್ ನೀರಿಗೆ ಯೂನಿಟ್‌ಗೆ 50 ಪೈಸೆ ರಿಯಾಯ್ತಿ ಇತ್ತು, ತಿಂಗಳಿಗೆ 50 ರೂಪಾಯಿ ಮಿತಿ. ಈಗಲೂ ಇದೆಯಾ ಅಂತ ಕೇಳಿ ನೋಡಿ.

ತೋಟದಮನೆ_ತಿಪಟೂರು

ನಾನು ಹಾಕಿಸಿದ್ದೆ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಗಾಜಿನ ಟ್ಯೂಬು ಬಿಳಿಯಾಯಿತು. ಗೀಸರ್ ಕಾಯ್ಲ್ ಕೂಡ ಹಾಗೇ ಹೋಗುತ್ತದೆ. ಹಂಡೆಗೆ ಆ ಚಿಂತೆ ಇಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿದರೆ ಆಯಿತು. ಜನ ಹಂಡೆಗೆ ವಾಪಸ್ ಬರೋದಕ್ಕೆ ಇದೂ ಒಂದು ಕಾರಣ, ದುಡ್ಡು ಮಾತ್ರ ಅಲ್ಲ. ಮಳೆನೀರು ಹಿಡಿದು ಸೋಲಾರ್‌ಗೆ ಬಿಡೋರು ಇದ್ದಾರೆ, ಅವರದ್ದು ಚೆನ್ನಾಗಿ ಬರುತ್ತಿದೆ. ಬಕೆಟ್‌ಗೆ ಹಾಕುವ ರಾಡ್ ಮಾತ್ರ ಬೇಡ, ಮಕ್ಕಳಿರೋ ಮನೆಯಲ್ಲಿ ಅದು ಯಮ.

ಸುಡದೇ ಇರಬಹುದಾದದ್ದನ್ನು ಸುಡಬೇಡಿ ಅಂತ ನಾನೂ ಹೇಳುತ್ತೇನೆ. ಸಿಪ್ಪೆಯನ್ನು ತೆಂಗಿನ ಬುಡದ ಪಾತಿಯಲ್ಲಿ ಕವುಚಿ ಅಲ್ಲ, ಹೊಟ್ಟೆ ಮೇಲಾಗಿ ಹೂತರೆ ವರ್ಷಗಟ್ಟಲೆ ತೇವ ಹಿಡಿಯುತ್ತದೆ, ಪೊಟ್ಯಾಷ್ ಮರಕ್ಕೇ ಸಿಗುತ್ತದೆ. ಸೋಗೆ ಬುಡಕ್ಕೆ ಹೊದಿಸಿ. ತೋಟದಲ್ಲಿ ರಾಶಿ ಹಾಕಿ ಬೆಂಕಿ ಇಡೋರಿಗೆ ಏನು ಹೇಳೋದೋ ಗೊತ್ತಿಲ್ಲ, ಅದರಿಂದ ಸ್ನಾನಕ್ಕೂ ನೀರು ಕಾಯಲ್ಲ.

ಬಾಡಿಗೆಮನೆ_ಕ್ಯಾತ್ಸಂದ್ರ

ಎಲ್ಲರಿಗೂ ಥ್ಯಾಂಕ್ಸ್. ಮಗನನ್ನು ಹಾಲ್‌ನಲ್ಲಿ ಮಲಗಿಸುತ್ತಿದ್ದೇವೆ. ಅಜ್ಜಿ ಹತ್ತಿರ ಮಾತಾಡಿದೆ. ಹೊಗೆ ಬಗ್ಗೆ ಎತ್ತಲಿಲ್ಲ, ಕೆಮ್ಮಿನ ಬಗ್ಗೆ ಹೇಳಿದೆ. ಅವರೇ "ನನ್ನ ಒಲೆ ಹೊಗೆ ನಿಮ್ಮ ಕಡೆ ಬರುತ್ತಾ ಮಗಳೇ, ಮೊದಲೇ ಹೇಳೋದಲ್ವಾ" ಅಂದರು. ಹಾಲಿನ ಕವರ್ ಹಾಕಲ್ಲ ಅಂದಿದ್ದಾರೆ. ನಾನು ಮನೆಯ ಹಳೇ ಪೇಪರ್, ಒಣ ಕಾಯಿನಾರು ಕೊಡುತ್ತೇನೆ ಅಂದೆ. ಒಲೆ ಬಿಡೋದು ಮಾತ್ರ ಆಗಲ್ಲವಂತೆ. ಗೀಸರ್ ನೀರಲ್ಲಿ ಮೈ ನೋವು ಹೋಗಲ್ಲ ಅನ್ನುತ್ತಾರೆ, ಅದಕ್ಕೆ ನಾನು ವಾದ ಮಾಡಲಿಲ್ಲ. ಅವರ ಮಗ ಪೈಪಿಗೆ ಒಪ್ಪಿದ್ದಾರೆ, ಖರ್ಚು ಅರ್ಧ ನಮ್ಮ ಓನರ್ ಕೊಡುತ್ತಾರಂತೆ, ಏಕೆಂದರೆ ಮೇಲೆ ಅವರ ಬಟ್ಟೆಗೂ ಮಸಿ ಬೀಳುತ್ತಿತ್ತು.

ಗಾರೆ ಅಣ್ಣ, ಎರಡು ಅಂತಸ್ತು ಅಂದರೆ ಪೈಪು ಇಪ್ಪತ್ತೈದು ಅಡಿ ಆಗುತ್ತದೆ. ಅಷ್ಟುದ್ದ ನಾಲ್ಕಿಂಚಿನದೇ ಸಾಕಾ? ಗೋಡೆಗೆ ಕ್ಲಾಂಪ್ ಎಷ್ಟು ದೂರಕ್ಕೆ?

ಗಾರೆಕೆಲ್ಸ_ಕುಣಿಗಲ್

ಸಾಕು ಮೇಡಂ. ಉದ್ದ ಜಾಸ್ತಿಯಾದರೆ ಎಳೆತವೂ ಜಾಸ್ತಿ, ಹಾಗಾಗಿ ಕೆಳಗೆ ಒಂದು ತಗಡಿನ ಅಡ್ಡ ಮುಚ್ಚಳ ಇಡಿಸಿ, ಉರಿ ಹೊತ್ತಿದ ಮೇಲೆ ಅರ್ಧ ತಳ್ಳಿದರೆ ಶಾಖ ಹಂಡೆಯಲ್ಲೇ ನಿಲ್ಲುತ್ತದೆ. ಪೂರ್ತಿ ಮುಚ್ಚಬಾರದು, ಅಜ್ಜಿಗೆ ಸರಿಯಾಗಿ ತೋರಿಸಿಕೊಡಿ. ಕ್ಲಾಂಪ್ ಐದಡಿಗೊಂದು. ಪೈಪು ಬಿಸಿ ಇರುತ್ತದೆ, ಕರೆಂಟ್ ವೈರು, ಕಿಟಕಿ ಮರ ತಾಗದ ಹಾಗೆ ಗೋಡೆಯಿಂದ ಅಂಗೈ ಅಗಲ ಬಿಟ್ಟು ಕಟ್ಟಿಸಿ. ಕೆಲಸದವನು ಸಿಗದಿದ್ದರೆ ಇಲ್ಲೇ ಹೇಳಿ, ಸಂಕ್ರಾಂತಿ ಆದ ಮೇಲೆ ತುಮಕೂರಿನ ಕಡೆ ನನಗೆ ಕೆಲಸ ಇದೆ.

ಮಟ್ಟೆರಾಜ

ಅಣ್ಣ, ತುಮಕೂರಿಗೆ ಬಂದರೆ ಗುಬ್ಬಿಗೂ ಬನ್ನಿ. ನಮ್ಮ ಅಮ್ಮನ ಬಚ್ಚಲು ನೋಡಬೇಕು.